ಕಾಲು ಮಾಡುವವರಿಗೂ ಸನ್ನದು ಬೇಕೇ?

ವಕೀಲರು ನ್ಯಾಯಾಲಯದಲ್ಲಿ ವಾದಿಸಬೇಕಾದರೆ ಸನ್ನದು ಬೇಕು. ವೈದ್ಯರ ಹೆಸರು ವೈದ್ಯಕೀಯ ಮಂಡಳಿಯ ಪಟ್ಟಿಯಲ್ಲಿರಬೇಕು. ಭದ್ರಾವತಿಯಿಂದ ಶಿವಮೊಗ್ಗಕ್ಕೆ ನಮ್ಮಲ್ಲಿ ಅನೇಕರನ್ನು ದಿನವೂ ಕರೆತರುವ ಬಸ್ಸಿನ ಚಾಲಕರ ಜೇಬಿನಲ್ಲಿ ಲೈಸೆನ್ಸು ಇರಲೇಬೇಕು. ನಿಲ್ದಾಣದ ಎದುರಿನ ಹೋಟೆಲಿನವರು ಇಡ್ಲಿ ಬೇಯಿಸುವುದಕ್ಕೂ ಸರ್ಕಾರದ ಒಂದು ಕಾಗದವನ್ನು ಕಟ್ಟುಹಾಕಿಸಿ ಗೋಡೆಗೆ ತೂಗುಹಾಕಿರುತ್ತಾರೆ. ಹಾಗಾದರೆ ಕಾಲು ಕಳೆದುಕೊಂಡವನಿಗೆ ಕಾಲು ಮಾಡಿಕೊಡುವವರು ಯಾರು? ಅವರಿಗೆ ಸನ್ನದು ಬೇಕೇ, ಬೇಡವೇ? ಈ ಪ್ರಶ್ನೆಯನ್ನು ನಾನು ನಮ್ಮ ತರಗತಿಯ ಎಂಟು ಹತ್ತು ಮಂದಿ ಮಿತ್ರರ ಮುಂದಿಟ್ಟೆ. ಹೆಚ್ಚಿನವರು ‘ಮೂಳೆಯ ಡಾಕ್ಟರೇ ಮಾಡುತ್ತಾರಲ್ಲವೇ?’ ಎಂದರು. ಇಬ್ಬರು ‘ಕಾರ್ಖಾನೆಯಲ್ಲಿ ಮಾಡುತ್ತಾರೆ, ಅಳತೆ ನೋಡಿ ಕೊಂಡುಕೊಳ್ಳುವುದು’ ಎಂದರು. ಒಬ್ಬನಂತೂ ‘ಅದೆಲ್ಲ ಜೈಪುರದಲ್ಲಿ ಪುಕ್ಕಟೆಯಾಗಿ ಕೊಡುತ್ತಾರೆ’ ಎಂದು ವಿಷಯವನ್ನೇ ಮುಗಿಸಿಬಿಟ್ಟ. ಮೂರು ಉತ್ತರಗಳಲ್ಲಿಯೂ ಒಂದಿಷ್ಟು ನಿಜ ಇಲ್ಲದಿಲ್ಲ. ಆದರೆ ಈ ಕೆಲಸಕ್ಕೆಂದೇ ಪ್ರತ್ಯೇಕವಾದ ಒಂದು ವೃತ್ತಿ ಇದೆ, ಅದಕ್ಕೆ ನಾಲ್ಕೂವರೆ ವರ್ಷಗಳ ಪದವಿಯಿದೆ, ಅದನ್ನು ಆಳುವ ಕಾಯಿದೆಯೊಂದು ೧೯೯೨ರಿಂದಲೂ ನಮ್ಮ ದೇಶದಲ್ಲಿದೆ ಎಂಬುದು ಯಾರಿಗೂ ತಿಳಿದಿರಲಿಲ್ಲ. ರಾಜ್ಯಶಾಸ್ತ್ರದ ವಿದ್ಯಾರ್ಥಿಯಾದ ನನಗೂ ಇದು ಪಾಠದಿಂದ ತಿಳಿದದ್ದಲ್ಲ. ಭದ್ರಾವತಿಯಲ್ಲಿರುವ ನನ್ನ ಸೋದರಮಾವನ ಕಾಲಿನ ದೆಸೆಯಿಂದ ತಿಳಿದದ್ದು.

ಮೊದಲು ಈ ವೃತ್ತಿಯಲ್ಲಿ ಏನೇನು ಅಡಗಿದೆಯೆಂಬುದನ್ನು ನೋಡೋಣ. ಇದರಲ್ಲಿ ಮೂರು ಕವಲುಗಳಿವೆ. ಇಲ್ಲದ ಅಂಗದ ಬದಲಿಗೆ ಕೃತಕ ಅಂಗವನ್ನು ಮಾಡಿ ಹೊಂದಿಸುವುದು ಒಂದು. ಹಾಗೆ ಮಾಡುವವರನ್ನು ಪ್ರಾಸ್ಥೆಟಿಸ್ಟ್ ಎನ್ನುತ್ತಾರೆ. ಇರುವ ಅಂಗ ದುರ್ಬಲವಾಗಿದ್ದರೆ ಅಥವಾ ಸೊಟ್ಟಗಾಗಿದ್ದರೆ ಅದಕ್ಕೆ ಆಸರೆ ಕೊಡುವುದು ಇನ್ನೊಂದು. ಪೋಲಿಯೋ ತಗುಲಿದ ಕಾಲಿಗೆ ಹಾಕುವ ಕ್ಯಾಲಿಪರು, ಬೆನ್ನು ಕುತ್ತಿಗೆಗಳಿಗೆ ಕಟ್ಟುವ ಪಟ್ಟಿ, ಇವೆಲ್ಲ ಆ ಗುಂಪಿನವು. ಇವನ್ನು ಅಳತೆಗೆ ತಕ್ಕಂತೆ ಮಾಡುವವರು ಆರ್ಥಾಟಿಸ್ಟರು. ಮೂರನೆಯದು ಪಾದರಕ್ಷೆಯ ಕೆಲಸ. ಪಾದದಲ್ಲಿ ಹುಣ್ಣು, ಊನ, ಸ್ಪರ್ಶಹೀನತೆ ಇರುವವರಿಗೆ ಅವರವರ ಪಾದಕ್ಕೆ ತಕ್ಕ ಚಪ್ಪಲಿ ಬೂಟುಗಳನ್ನು ಮಾಡುವುದು. ಇದನ್ನು ಮಾಡುವವರಿಗೆ ಅಮೆರಿಕದಲ್ಲಿ ಪೆಡಾರ್ಥಿಸ್ಟ್ ಎಂಬ ಹೆಸರಿದೆ. ನಮ್ಮಲ್ಲಿ ಹೆಸರಿಲ್ಲ. ಹೆಸರಿಲ್ಲದಿರುವುದೇ ಒಂದು ದೊಡ್ಡ ಕಥೆ. ಅದನ್ನು ಮುಂದೆ ಹೇಳುತ್ತೇನೆ.

೧೯೨೩ರಲ್ಲಿ ಉತ್ಪಾದನೆಗೆ ತೊಡಗಿದ ಕಬ್ಬಿಣದ ಕಾರ್ಖಾನೆಯ ನೆರಳಿನಲ್ಲಿ ಬೆಳೆದ ಊರು ಭದ್ರಾವತಿ. ಅಲ್ಲಿಯವರಿಗೆ ಲೋಹವನ್ನು ಬೇಕಾದ ಆಕಾರಕ್ಕೆ ತರಬಹುದೆಂಬ ಧೈರ್ಯ ಹುಟ್ಟಿನಿಂದಲೇ ಬಂದಿರುತ್ತದೆ. ಋಗ್ವೇದದಲ್ಲಿ ವಿಶ್ಪಲೆ ಎಂಬವಳು ಯುದ್ಧದಲ್ಲಿ ಕಾಲು ಕಳೆದುಕೊಂಡಾಗ ಅಶ್ವಿನೀದೇವತೆಗಳು ಅವಳಿಗೆ ಲೋಹದ ಕಾಲನ್ನು ಕೊಟ್ಟರೆಂಬ ಮಾತಿದೆ. ನಮ್ಮೂರಿನ ಲೇತು ಕೆಲಸಗಾರರೊಬ್ಬರಿಗೆ ಈ ಕಥೆ ಹೇಳಿದಾಗ ಅವರು ‘ಅದಕ್ಕೆ ದೇವತೆಗಳು ಯಾಕಪ್ಪ, ನಾನೇ ಮಾಡಿಕೊಡ್ತಿದ್ದೆ’ ಎಂದರು. ಅವರು ಮಾಡಬಲ್ಲರೆಂಬುದರಲ್ಲಿ ಸಂದೇಹವಿಲ್ಲ. ಕೊಳವೆ, ತಿರುಪು, ಕೀಲು ಇವು ಯಾವುವೂ ಅವರಿಗೆ ಕಷ್ಟವಲ್ಲ. ಕಷ್ಟವಿರುವುದು ಲೋಹ ಮಾಂಸವನ್ನು ಮುಟ್ಟುವ ಸ್ಥಳದಲ್ಲಿ.

ಮಂಡಿಯ ಕೆಳಗೆ ಕಾಲು ಹೋದವನಿಗೆ ಕೃತಕ ಕಾಲು ಮಾಡುವ ಕ್ರಮವನ್ನು ಸ್ವಲ್ಪ ವಿವರಿಸಿದರೆ ಈ ಮಾತು ತಿಳಿದೀತು. ಉಳಿದ ಮೊಂಡುಭಾಗಕ್ಕೆ ಪ್ಲಾಸ್ಟರಿನ ಬ್ಯಾಂಡೇಜು ಸುತ್ತಿ ಅಚ್ಚು ತೆಗೆಯುತ್ತಾರೆ. ಆ ಪೊಳ್ಳಿನೊಳಗೆ ಕಲಸಿದ ಪ್ಲಾಸ್ಟರನ್ನು ಹೊಯ್ದರೆ ಕಾಲಿನ ಪ್ರತಿರೂಪ ಸಿಕ್ಕುತ್ತದೆ. ಇಷ್ಟರವರೆಗೆ ಗಣಪತಿಯ ಮೂರ್ತಿಯನ್ನು ಅಚ್ಚಿನಲ್ಲಿ ತೆಗೆಯುವವರೂ ಮಾಡಿಯಾರು. ಮುಂದಿನದು ವಿದ್ಯೆ. ಆ ಪ್ರತಿರೂಪವನ್ನು ಇದ್ದಂತೆಯೇ ಬಳಸಕೂಡದು. ಕೆಲವು ಕಡೆ ಅರದಿಂದ ಉಜ್ಜಿ ತೆಗೆಯಬೇಕು, ಕೆಲವು ಕಡೆ ಪ್ಲಾಸ್ಟರು ಮೆತ್ತಿ ಉಬ್ಬಿಸಬೇಕು. ಏಕೆಂದರೆ ದೇಹದ ಭಾರವನ್ನು ಮೊಂಡುಭಾಗದ ಎಲ್ಲ ಸ್ಥಳಗಳೂ ಒಂದೇ ಸಮನಾಗಿ ತಡೆಯಲಾರವು. ಮಂಡಿಚಿಪ್ಪಿನ ಕೆಳಗಿರುವ ಸ್ನಾಯುರಜ್ಜು ಭಾರ ತಡೆಯುತ್ತದೆ. ಅಲ್ಲಿ ಉಜ್ಜಿ ತೆಗೆದರೆ ಸಾಕೆಟ್ಟು ಅಲ್ಲಿ ಒತ್ತಿ ಹಿಡಿಯುತ್ತದೆ. ಮಂಡಿಯ ಹೊರಮಗ್ಗುಲಲ್ಲಿ, ಸ್ವಲ್ಪ ಕೆಳಗೆ, ಬೆರಳಿಟ್ಟರೆ ಒಂದು ಗುಂಡಾದ ಎಲುಬಿನ ತುದಿ ಸಿಕ್ಕುತ್ತದೆ. ವಾಚಕರು ಈಗಲೇ ಮುಟ್ಟಿ ನೋಡಬಹುದು. ಅದು ಭಾರವನ್ನು ಸಹಿಸದು. ಅದರ ಕತ್ತನ್ನು ಬಳಸಿಕೊಂಡು ಒಂದು ನರ ಚರ್ಮದ ಅಡಿಯಲ್ಲಿಯೇ ಹಾದುಹೋಗುತ್ತದೆ. ಪಾದವಿರುವವರಿಗೆ ಕ್ಯಾಲಿಪರಿನ ಪಟ್ಟಿಯೋ ಬಿಗಿಯಾದ ಪ್ಲಾಸ್ಟರೋ ಅಲ್ಲಿ ಒತ್ತಿದರೆ ಆ ನರ ಸೋತು ಪಾದ ಜೋತುಬೀಳುತ್ತದೆ, ಮೇಲಕ್ಕೆತ್ತಲು ಬರುವುದಿಲ್ಲ. ಪಾದವಿಲ್ಲದವರಿಗೆ ಅಲ್ಲಿ ಒತ್ತಿದರೆ ಉರಿನೋವು, ಹುಣ್ಣು. ಆದುದರಿಂದ ಆ ಸ್ಥಳದಲ್ಲಿ ಪ್ರತಿರೂಪವನ್ನು ಉಬ್ಬಿಸಬೇಕು. ಆಗ ಸಾಕೆಟ್ಟು ಅಲ್ಲಿ ದೂರ ನಿಲ್ಲುತ್ತದೆ. ಹೀಗೆ ತಿದ್ದಿದ ಮೇಲೆ ಕಾಯಿಸಿದ ಪ್ಲಾಸ್ಟಿಕ್ ಹಾಳೆಯನ್ನು ಅದರ ಮೇಲೆ ಹೊದಿಸಿ ಸಾಕೆಟ್ಟು ಮಾಡುತ್ತಾರೆ. ಕೊನೆಗೆ ಪಾದವನ್ನು ಜೋಡಿಸುವಾಗ ಕೋನ ಕೊಂಚ ಆಚೀಚೆಯಾದರೂ ಮಂಡಿ, ಸೊಂಟಗಳಿಗೆ ಪೆಟ್ಟು. ಕಾಲು ಹೋದ ಮೊದಲ ತಿಂಗಳುಗಳಲ್ಲಿ ಮೊಂಡುಭಾಗ ಬತ್ತುತ್ತ ಬರುವುದರಿಂದ ಒಮ್ಮೆ ಹೊಂದಿದ ಸಾಕೆಟ್ಟು ಮತ್ತೆ ಸಡಿಲವಾಗುತ್ತದೆ, ಮತ್ತೆ ತಿದ್ದಬೇಕು. ಕಾಲು ಕೊಂಡುಕೊಳ್ಳುವ ವಸ್ತುವಲ್ಲ, ಮಾಡಿದವರ ಬಳಿಗೆ ಮರಳಿ ಮರಳಿ ಹೋಗಬೇಕಾದ ಸಂಬಂಧ.

ನನ್ನ ಮಾವ ಸಣ್ಣದೊಂದು ವರ್ಕ್‌ಷಾಪಿನಲ್ಲಿ ಕೆಲಸದಲ್ಲಿದ್ದವರು. ಲಾರಿ ತಗುಲಿ ಎಡಗಾಲನ್ನು ಮಂಡಿಯ ಕೆಳಗೆ ತೆಗೆಯಬೇಕಾಯಿತು. ಗಾಯ ಮಾಗಿದ ಮೇಲೆ ಬೇರೊಂದು ಊರಿನ ಅಂಗಡಿಯೊಂದರಲ್ಲಿ ಸಾಲಮಾಡಿ ಕಾಲು ಮಾಡಿಸಿಕೊಂಡರು. ಅಂಗಡಿಯ ಬೋರ್ಡಿನಲ್ಲಿ ದೊಡ್ಡ ದೊಡ್ಡ ಅಕ್ಷರಗಳಿದ್ದುವು, ಮಾಡಿದವರ ಹೆಸರಿನ ಮುಂದೆ ಯಾವ ಸಂಖ್ಯೆಯೂ ಇರಲಿಲ್ಲ. ಹೊರಮಗ್ಗುಲಲ್ಲಿ ನಾನು ಮೇಲೆ ಹೇಳಿದ ಆ ಎಲುಬಿನ ತುದಿಯಲ್ಲಿಯೇ ಹುಣ್ಣಾಯಿತು. ‘ಅಭ್ಯಾಸವಾಗುತ್ತದೆ, ಹಾಕಿಕೊಂಡೇ ನಡೆಯಿರಿ’ ಎಂದು ಹೇಳಿ ಕಳುಹಿಸಿದರು. ಮಾವ ನಡೆದರು. ಅವರದು ಹೇಳಿದ ಮಾತನ್ನು ಕೇಳುವ ಸ್ವಭಾವ. ಆರು ತಿಂಗಳು ಕಳೆಯುವುದರೊಳಗೆ ಕಾಲು ಮಂಚದ ಕೆಳಗೆ ಸೇರಿತು, ಮಾವ ಊರುಗೋಲಿಗೆ ಬಂದರು, ಕೆಲಸವೂ ಹೋಯಿತು. ಮುಂದೆ ಬೆಂಗಳೂರಿನಲ್ಲಿ ತರಬೇತಿ ಪಡೆದವರೊಬ್ಬರು ಆ ಕಾಲನ್ನೇ ನೋಡಿ, ಸಾಕೆಟ್ಟಿನ ಆ ಭಾಗವನ್ನು ಮಾತ್ರ ಬಿಸಿಮಾಡಿ ಹೊರಕ್ಕೆ ಉಬ್ಬಿಸಿಕೊಟ್ಟರು. ಅರ್ಧ ಗಂಟೆಯ ಕೆಲಸ. ಹುಣ್ಣು ಮಾಗಿತು. ವರ್ಕ್‌ಷಾಪಿನ ಕೆಲಸ ಮರಳಿ ಸಿಕ್ಕಲಿಲ್ಲ.

‘ಇವರನ್ನು ಕೇಳುವವರು ಯಾರೂ ಇಲ್ಲವೇ?’ ಎಂದು ನಮ್ಮ ಅತ್ತೆ ಕೇಳಿದ ಪ್ರಶ್ನೆಯೇ ನನ್ನನ್ನು ಕಾಯಿದೆಯ ಪುಸ್ತಕಕ್ಕೆ ಅಟ್ಟಿತು.

ನಮ್ಮ ಸಂವಿಧಾನದ ಏಳನೆಯ ಅನುಸೂಚಿಯನ್ನು ಪರೀಕ್ಷೆಗಾಗಿ ಉರುಹೊಡೆದವರಿಗೆ ನೆನಪಿರಬಹುದು: ಅಂಗವಿಕಲರಿಗೂ ದುಡಿಯಲಾರದವರಿಗೂ ನೆರವು ಕೊಡುವ ವಿಷಯ ರಾಜ್ಯಪಟ್ಟಿಯ ೯ನೆಯ ಬಾಬು. ಆದರೆ ವಕೀಲಿ, ವೈದ್ಯಕೀಯ ಮತ್ತು ಇತರ ವೃತ್ತಿಗಳು ಸಮವರ್ತಿ ಪಟ್ಟಿಯ ೨೬ನೆಯ ಬಾಬು. ಅಂದರೆ ಕಾಲಿಲ್ಲದವನಿಗೆ ನೆರವು ಕೊಡುವ ಹೊಣೆ ರಾಜ್ಯದ್ದು. ಆ ಕಾಲನ್ನು ಮಾಡುವವನ ವೃತ್ತಿಗೆ ನಿಯಮ ಹಾಕುವ ಅಧಿಕಾರ ರಾಜ್ಯಕ್ಕೂ ಉಂಟು, ಕೇಂದ್ರಕ್ಕೂ ಉಂಟು. ಕೇಂದ್ರವು ಆ ಅಧಿಕಾರವನ್ನು ಬಳಸಿತು. ೧೯೮೬ರಲ್ಲಿ ಒಂದು ಸಂಘವಾಗಿ ಹುಟ್ಟಿದ ಭಾರತೀಯ ಪುನರ್ವಸತಿ ಪರಿಷತ್ತಿಗೆ ೧೯೯೨ರ ಕಾಯಿದೆಯಿಂದ ಶಾಸನದ ಬಲ ಬಂದಿತು. ೧೯೯೩ರ ಜೂನ್ ೨೨ರಂದು ಅದು ಶಾಸನಬದ್ಧ ಸಂಸ್ಥೆಯಾಯಿತು. ೨೦೦೦ದಲ್ಲಿ ಕಾಯಿದೆಗೆ ತಿದ್ದುಪಡಿಯೂ ಆಯಿತು. ವೈದ್ಯರಿಗೆ ವೈದ್ಯಕೀಯ ಮಂಡಳಿ ಇದ್ದಂತೆ ಪುನರ್ವಸತಿಯ ವೃತ್ತಿಗಳಿಗೆ ಈ ಪರಿಷತ್ತು. ಯಾವ ಕಾಲೇಜಿನ ಯಾವ ಪಾಠಕ್ರಮಕ್ಕೆ ಮನ್ನಣೆ ಎಂಬುದನ್ನು ಅದು ಗೊತ್ತುಮಾಡುತ್ತದೆ. ತೇರ್ಗಡೆಯಾದವರ ಹೆಸರನ್ನು ಕೇಂದ್ರ ಪುನರ್ವಸತಿ ದಾಖಲೆಪಟ್ಟಿಯಲ್ಲಿ ಸೇರಿಸುತ್ತದೆ. ದುರ್ನಡತೆ ಕಂಡುಬಂದರೆ ಪಟ್ಟಿಯಿಂದ ತೆಗೆಯಲೂ ಬಲ್ಲುದು. ನೋಂದಣಿಯನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳಬೇಕು. ಅದಕ್ಕಾಗಿ ಮುಂದುವರಿದ ಶಿಕ್ಷಣದ ತರಗತಿಗಳಿಗೆ ಹಾಜರಾಗಿ ಅಂಕ ಗಳಿಸಬೇಕು.

ಕಾಯಿದೆಯ ೧೩ನೆಯ ಕಲಮಿನಲ್ಲಿ ಮುಖ್ಯವಾದ ಮಾತಿದೆ. ಮನ್ನಣೆಯ ವಿದ್ಯಾರ್ಹತೆಯಿದ್ದು ಪಟ್ಟಿಯಲ್ಲಿ ಹೆಸರಿರುವವರ ಹೊರತು ಬೇರೆಯವರು ಸರ್ಕಾರದಲ್ಲಾಗಲಿ ಸ್ಥಳೀಯ ಸಂಸ್ಥೆಗಳಲ್ಲಾಗಲಿ ಈ ಹುದ್ದೆಗಳನ್ನು ಹೊಂದಕೂಡದು. ಭಾರತದಲ್ಲಿ ಎಲ್ಲಿಯೂ ಈ ವೃತ್ತಿಯನ್ನು ನಡೆಸಕೂಡದು. ಈ ವೃತ್ತಿಯವರು ಕೊಡಬೇಕಾದ ಪ್ರಮಾಣಪತ್ರಗಳಿಗೆ ರುಜು ಹಾಕಕೂಡದು. ನ್ಯಾಯಾಲಯದಲ್ಲಿ ತಜ್ಞರಾಗಿ ಸಾಕ್ಷ್ಯ ಹೇಳಕೂಡದು. ಮೀರಿದವರಿಗೆ ಕಾಯಿದೆ ಬರೆದಿಟ್ಟ ಶಿಕ್ಷೆ ಒಂದು ವರ್ಷದವರೆಗೆ ಸೆರೆ, ಇಲ್ಲವೆ ಒಂದು ಸಾವಿರ ರೂಪಾಯಿಯವರೆಗೆ ಜುಲ್ಮಾನೆ, ಇಲ್ಲವೆ ಎರಡೂ. ಸಾವಿರ ರೂಪಾಯಿ! ಕೃತಕ ಕಾಲಿಗೆ ತೊಡಿಸುವ ಕೆಲವು ಕಾಲುಚೀಲಗಳ ಬೆಲೆಯಾದೀತು. ಸಾಲದುದಕ್ಕೆ, ಪರಿಷತ್ತು ಅಧಿಕಾರ ಕೊಟ್ಟವರು ಲಿಖಿತ ದೂರು ಕೊಟ್ಟ ಹೊರತು ಯಾವ ನ್ಯಾಯಾಲಯವೂ ಈ ಅಪರಾಧವನ್ನು ವಿಚಾರಣೆಗೆ ಎತ್ತಿಕೊಳ್ಳುವಂತಿಲ್ಲ. ಪರಿಷತ್ತು ಇರುವುದು ದೆಹಲಿಯಲ್ಲಿ, ನಮ್ಮ ಮಾವ ಇರುವುದು ಭದ್ರಾವತಿಯಲ್ಲಿ. ಕಾಯಿದೆಯ ಪುಸ್ತಕವನ್ನು ಮುಚ್ಚಿಟ್ಟು ಅತ್ತೆಗೆ ಈ ಮಾತನ್ನು ಹೇಳುವುದು ಕಷ್ಟವಾಯಿತು. ಹಣ ಕೊಟ್ಟು ಸೇವೆ ಪಡೆದವರೆಂಬ ನೆಲೆಯಲ್ಲಿ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುವ ದಾರಿಯಿದೆ. ಅದು ಬೇರೆ ಕಾಯಿದೆಯ ದಾರಿ. ಅಲ್ಲಿ ಪರಿಹಾರ ಸಿಕ್ಕಬಹುದು, ಅಂಗಡಿಯ ಬೋರ್ಡು ಇಳಿಯುವುದಿಲ್ಲ.

ಪದವಿಯ ವಿಷಯ ಹೇಳಿದೆನಷ್ಟೆ. ಆರು ತಿಂಗಳ ಆಸ್ಪತ್ರೆಯ ಅಭ್ಯಾಸವೂ ಸೇರಿ ನಾಲ್ಕೂವರೆ ವರ್ಷ. ಬೆಂಗಳೂರಿನಲ್ಲಿ ೧೯೯೪ರಲ್ಲಿ ಆರಂಭವಾದ ಮೊಬಿಲಿಟಿ ಇಂಡಿಯಾ ಸಂಸ್ಥೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯಕ್ಕೆ ಸೇರಿದಂತೆ ಈ ಶಿಕ್ಷಣ ಕೊಡುತ್ತದೆ. ದೇಶದಲ್ಲಿ ಈ ವಿದ್ಯೆಯ ಹಳೆಯ ನೆಲೆಗಳೆಂದರೆ ಸೈನಿಕರಿಗಾಗಿ ೧೯೪೪ರಲ್ಲಿ ತೆರೆದ ಪುಣೆಯ ಕೃತಕಾಂಗ ಕೇಂದ್ರ, ಮುಂಬಯಿಯ ಹಾಜಿ ಅಲಿಯಲ್ಲಿ ೧೯೫೫ರಲ್ಲಿ ತೆರೆದ ಅಖಿಲ ಭಾರತ ಸಂಸ್ಥೆ. ಬಿಡಿಭಾಗಗಳನ್ನು ತಯಾರಿಸಲು ಕಾನ್ಪುರದ ಸರ್ಕಾರಿ ಕಾರ್ಖಾನೆ ೧೯೭೨ರಲ್ಲಿ ಸ್ಥಾಪನೆಯಾಯಿತು. ಪದವಿಗೆ ಸೇರಲು ವಿಜ್ಞಾನ ಓದಿರಬೇಕು. ಕಲಾ ಕಾಲೇಜಿನ ನಾವು ಆ ಬಾಗಿಲನ್ನು ದೂರದಿಂದ ನೋಡಿ ಸಂತೋಷಪಡಬಹುದು. ಪಿ.ಯು.ಸಿ.ಯಲ್ಲಿರುವ ತಮ್ಮ ತಂಗಿಯರಿಗೆ ಹೇಳಬಹುದು.

ಅಮೆರಿಕದ ಸ್ಥಿತಿಯನ್ನು ನೋಡಿದರೆ ನಮ್ಮದು ಎಷ್ಟೋ ಸರಳ ಎನ್ನಿಸುತ್ತದೆ. ಅಲ್ಲಿ ಇಡೀ ದೇಶಕ್ಕೆ ಒಂದೇ ಕಾಯಿದೆಯಿಲ್ಲ. ವೃತ್ತಿಗೆ ಲೈಸೆನ್ಸು ಕೊಡುವುದು ಆಯಾ ರಾಜ್ಯದ ಕೆಲಸ. ಫ್ಲಾರಿಡಾ, ಟೆಕ್ಸಾಸ್, ಇಲಿನಾಯ್, ಓಹಾಯೋ ಮುಂತಾದ ಕೆಲವು ರಾಜ್ಯಗಳು ಕೃತಕಾಂಗದವರಿಗೆ ಲೈಸೆನ್ಸು ಕಡ್ಡಾಯ ಮಾಡಿವೆ, ಹೆಚ್ಚಿನವು ಮಾಡಿಲ್ಲ. ಅಂತಹ ರಾಜ್ಯಗಳಲ್ಲಿ ೧೯೪೮ರಲ್ಲಿ ವೃತ್ತಿಯವರೇ ಕಟ್ಟಿಕೊಂಡ ಮಂಡಳಿಯೊಂದರ ಪ್ರಮಾಣಪತ್ರವೇ ನಂಬಿಕೆಗೆ ಆಧಾರ. ಒಂದು ರಾಜ್ಯದಲ್ಲಿ ಅಪರಾಧವಾದದ್ದು ಗಡಿ ದಾಟಿದರೆ ಅಪರಾಧವಲ್ಲ. ತುಂಗೆಯ ಈ ದಡದಲ್ಲಿ ಸನ್ನದು ಬೇಕು, ಆ ದಡದಲ್ಲಿ ಬೇಡ ಎಂದ ಹಾಗೆ. ನಮ್ಮಲ್ಲಿ ಹಾಗಿಲ್ಲ, ಬೀದರಿನಲ್ಲಿ ನೋಂದಣಿಯಾದವರು ಕಾಸರಗೋಡಿನಲ್ಲಿಯೂ ಕೆಲಸ ಮಾಡಬಹುದು. ಆದರೆ ಒಂದು ವಿಷಯದಲ್ಲಿ ಅವರ ಕೆಲವು ರಾಜ್ಯಗಳು ನಮಗಿಂತ ಮುಂದಿವೆ. ಫ್ಲಾರಿಡಾ, ಇಲಿನಾಯ್, ಓಹಾಯೋಗಳ ಕಾಯಿದೆಗಳಲ್ಲಿ ಚಿಕಿತ್ಸೆಯ ಪಾದರಕ್ಷೆ ಮಾಡುವವರಿಗೂ ಒಂದು ಪ್ರತ್ಯೇಕ ಲೈಸೆನ್ಸಿದೆ. ನಮ್ಮ ಪರಿಷತ್ತಿನ ಪಟ್ಟಿಯಲ್ಲಿ ಹದಿನಾರು ಬಗೆಯ ವೃತ್ತಿಗಳಿವೆ. ಕಿವಿಯ ಅಚ್ಚು ಮಾಡುವವರಿದ್ದಾರೆ, ಪ್ರಾಸ್ಥೆಟಿಸ್ಟ್ ಆರ್ಥಾಟಿಸ್ಟರಿದ್ದಾರೆ, ಪುನರ್ವಸತಿ ವರ್ಕ್‌ಷಾಪಿನ ಮ್ಯಾನೇಜರು ಕೂಡ ಇದ್ದಾರೆ. ಪಾದರಕ್ಷೆ ಮಾಡುವವರಿಗೆಂದು ಅದರಲ್ಲಿ ಒಂದು ಬಾಬು ಇಲ್ಲ.

ಇಲ್ಲಿಯೇ ನನ್ನ ಮುಖ್ಯ ಮಾತು. ಸಾಮಾನ್ಯವಾಗಿ ಒಂದು ವೃತ್ತಿಗೆ ಸನ್ನದು ಬೇಕೆನ್ನುವುದಕ್ಕೆ ಕೊಡುವ ಕಾರಣ ಇದು: ಕೊಳ್ಳುವವನಿಗೆ ಸರಕು ಒಳ್ಳೆಯದೋ ಕೆಟ್ಟದ್ದೋ ಗೊತ್ತಾಗುವುದಿಲ್ಲ, ಆದುದರಿಂದ ಸರ್ಕಾರ ಮೊದಲೇ ಪರೀಕ್ಷಿಸಿ ಮುದ್ರೆ ಒತ್ತಬೇಕು. ಗೊತ್ತಾಗುವ ಸರಕಿಗೆ ಮುದ್ರೆ ಬೇಕಿಲ್ಲ. ಕೆಟ್ಟ ದೋಸೆ ಹಾಕುವ ಹೋಟೆಲಿಗೆ ಜನ ತಾವಾಗಿಯೇ ಹೋಗುವುದನ್ನು ಬಿಡುತ್ತಾರೆ. ನಮ್ಮ ಮಾವನಿಗೆ ಕಾಲು ನೋಯುತ್ತಿತ್ತು. ಯಾಕೆಂದು ತಿಳಿಯದಿದ್ದರೂ ಸರಿಯಿಲ್ಲವೆಂದು ತಿಳಿಯುತ್ತಿತ್ತು. ನೋವು ಅವರ ಪರವಾಗಿ ಸಾಕ್ಷಿ ಹೇಳುತ್ತಿತ್ತು. ಆದರೆ ಪಾದದಲ್ಲಿ ಸ್ಪರ್ಶವೇ ಇಲ್ಲದವರ ಗತಿಯೇನು? ಸಕ್ಕರೆ ಕಾಯಿಲೆ ಬಹುಕಾಲದಿಂದ ಇರುವವರಲ್ಲಿ ಅನೇಕರಿಗೆ ಅಂಗಾಲು ಜೋಮು ಹಿಡಿದಂತಾಗಿ ಕ್ರಮೇಣ ಅರಿವೇ ಹೋಗುತ್ತದೆ. ಕುಷ್ಠರೋಗ ವಾಸಿಯಾದವರಲ್ಲಿಯೂ ನರಗಳು ಕೆಟ್ಟಿದ್ದರೆ ಹೀಗೆಯೇ. ವೈದ್ಯರು ಒಂದು ನೈಲಾನ್ ಎಳೆಯನ್ನು ಅಂಗಾಲಿಗೆ ಹತ್ತು ಗ್ರಾಂ ಒತ್ತಡದಲ್ಲಿ ಬಾಗುವಂತೆ ಒತ್ತಿ ‘ತಿಳಿಯಿತೇ?’ ಎಂದು ಕೇಳುತ್ತಾರೆ. ತಿಳಿಯಲಿಲ್ಲವೆಂದರೆ ಆ ಪಾದಕ್ಕೆ ಕಾವಲುಗಾರನಿಲ್ಲವೆಂದು ಅರ್ಥ. ಅಂತಹ ಪಾದಕ್ಕೆ ಹೊಸ ಚಪ್ಪಲಿ ಕಚ್ಚಿದರೆ ಗೊತ್ತಾಗುವುದಿಲ್ಲ. ಮೊಳೆಯ ಮೊನೆ ಅಟ್ಟೆಯನ್ನು ತೂರಿ ಮೇಲೆ ಬಂದರೂ ಗೊತ್ತಾಗುವುದಿಲ್ಲ. ರಾತ್ರಿ ಕಾಲು ತೊಳೆಯುವಾಗ ನೀರು ಕೆಂಪಾದರೆ ಗೊತ್ತಾಗುತ್ತದೆ.

ಕೊಳ್ಳುವವನಿಗೆ ಸರಕಿನ ದೋಷ ತಿಳಿಯದು ಎಂಬ ಮಾತು ಇಲ್ಲಿ ಅರ್ಥಶಾಸ್ತ್ರದ ಪುಸ್ತಕದ ಮಾತಲ್ಲ, ಚರ್ಮದ ಮಾತು. ಸನ್ನದಿನ ಅಗತ್ಯ ಅತ್ಯಂತ ಹೆಚ್ಚಾಗಿರುವ ಕವಲನ್ನೇ ಕಾಯಿದೆ ಹೆಸರಿಲ್ಲದೆ ಬಿಟ್ಟಿದೆ.

ಪಾದರಕ್ಷೆಯಿಂದ ಪಾದ ಉಳಿಯುತ್ತದೆಂಬುದನ್ನು ಲೋಕಕ್ಕೆ ತೋರಿಸಿದವರಲ್ಲಿ ಮುಖ್ಯರಾದ ಡಾ. ಪಾಲ್ ಬ್ರ್ಯಾಂಡ್ ನಮ್ಮ ಪಕ್ಕದ ರಾಜ್ಯದವರೇ ಎನ್ನಬೇಕು. ೧೯೧೪ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟಗಳಲ್ಲಿ ಹುಟ್ಟಿದವರು. ಕುಷ್ಠರೋಗಿಗಳ ಕೈಕಾಲು ತಾನಾಗಿ ಕೊಳೆತು ಉದುರುತ್ತದೆಂಬ ನಂಬಿಕೆ ಆಗ ಎಲ್ಲೆಡೆಯೂ ಇತ್ತು. ಅದು ಕೊಳೆತವಲ್ಲ, ನೋವು ತಿಳಿಯದೆ ಆದ ಗಾಯಗಳ ಫಲ ಎಂದು ವೆಲ್ಲೂರಿನಲ್ಲಿ ಅವರೂ ಅವರ ಸಂಗಡಿಗರೂ ತೋರಿಸಿದರು. ಆ ನೆಲೆಯಿಂದಲೇ ವೆಲ್ಲೂರು, ಕರಿಗಿರಿಗಳಲ್ಲಿ ಪಾದರಕ್ಷೆಯ ಅಧ್ಯಯನ ಬೆಳೆಯಿತು. ಅಲ್ಲಿ ಬಳಕೆಗೆ ಬಂದ ಸೂಕ್ಷ್ಮರಂಧ್ರಗಳ ಮೆತ್ತನೆಯ ರಬ್ಬರಿನ ಚಪ್ಪಲಿಯೇ ಇಂದಿಗೂ ಸರ್ಕಾರದ ಕುಷ್ಠರೋಗ ಕಾರ್ಯಕ್ರಮದಲ್ಲಿ ಪುಕ್ಕಟೆಯಾಗಿ ಹಂಚುವ ಎಂ.ಸಿ.ಆರ್. ಚಪ್ಪಲಿ. ಅದರ ನಿಯಮಗಳು ನಾಲ್ಕೈದೇ. ಒಳಗೆ ಮೆತ್ತೆ, ಹೊರಗೆ ಗಟ್ಟಿ ಅಟ್ಟೆ. ಹಿಮ್ಮಡಿಗೆ ಹಿಂದಿನಿಂದ ಪಟ್ಟಿ, ಇಲ್ಲದಿದ್ದರೆ ಅರಿವಿಲ್ಲದ ಕಾಲಿನಿಂದ ಚಪ್ಪಲಿ ಜಾರಿಹೋದದ್ದೂ ತಿಳಿಯುವುದಿಲ್ಲ. ಬೆರಳುಗಳ ಬಳಿ ಒತ್ತದಷ್ಟು ಅಗಲ. ಎಲ್ಲಕ್ಕಿಂತ ಹೆಚ್ಚಾಗಿ, ಮೊಳೆ ಕೂಡದು. ಅಂಟಿಸಬೇಕು, ಇಲ್ಲವೆ ಹೊಲಿಯಬೇಕು.

ಈ ನಿಯಮಗಳನ್ನು ಓದಿದ ಮೇಲೆ ನಾನು ಶಿವಮೊಗ್ಗದ ಗಾಂಧಿಬಜಾರಿನ ಬಳಿ ಪೆಟ್ಟಿಗೆ ಇಟ್ಟುಕೊಂಡು ಚಪ್ಪಲಿ ಹೊಲಿಯುವ ಹಿರಿಯರೊಬ್ಬರ ಬಳಿ ಹೋದೆ. ಸಕ್ಕರೆ ಕಾಯಿಲೆಯಿರುವ ನನ್ನ ಅಜ್ಜಿಗೆ ಮೊಳೆಯಿಲ್ಲದ ಚಪ್ಪಲಿ ಬೇಕಾಗಿತ್ತು.

‘ಯಜಮಾನರೇ, ಮೊಳೆ ಹೊಡೀದೆ ಮಾಡಿಕೊಡೋಕಾಗುತ್ತಾ?’

‘ಹೊಲಿದು ಕೊಡಬೌದು. ಕೂಲಿ ಹೆಚ್ಚಾಗುತ್ತೆ. ಮೊಳೆ ಯಾಕೆ ಬ್ಯಾಡ ಅಂತೀ ತಮ್ಮ?’

ಕಾರಣ ಹೇಳಿದೆ. ಅವರು ಕೈಯಲ್ಲಿದ್ದ ಕೆಲಸ ನಿಲ್ಲಿಸಿದರು. ‘ಸಕ್ಕರೆ ಕಾಯಿಲೆಯೋರು ದಿನಕ್ಕೆ ನಾಕು ಜನ ಬರ್ತಾರೆ. ಇದನ್ನ ಯಾವ ಡಾಕ್ಟ್ರೂ ನಮಗೆ ಹೇಳಿಲ್ಲ, ಯಾರೂ ಹೇಳಿಲ್ಲ’ ಎಂದರು. ಅಜ್ಜಿಯ ಚಪ್ಪಲಿಯನ್ನು ಹೊಲಿದು ಮುಗಿಸಿ ಕೊಡುವಾಗ ಒಳಗೆಲ್ಲ ಬೆರಳಾಡಿಸಿ ನೋಡಿದರು. ವೆಲ್ಲೂರಿನ ಪಾಠದಲ್ಲಿಯೂ ಇದೇ ಇದೆ: ತೊಡುವ ಮುಂಚೆ ಒಳಗೆ ಕೈಹಾಕಿ ನೋಡಿ. ಅವರಿಗೆ ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಈಗ ಆಕ್ಷೇಪಣೆ. ಸನ್ನದು ಎಂದ ಕೂಡಲೆ ಇಂತಹ ಹಿರಿಯರ ಪೆಟ್ಟಿಗೆಯನ್ನು ಎತ್ತಿಸುವುದೇ ಆಗುವುದಿಲ್ಲವೇ? ವಿಜ್ಞಾನದಲ್ಲಿ ಪಿ.ಯು.ಸಿ., ನಾಲ್ಕೂವರೆ ವರ್ಷದ ಪದವಿ ಇವೆಲ್ಲವನ್ನು ಅವರಿಂದ ಕೇಳುವುದು ನ್ಯಾಯವೇ? ಈ ಆಕ್ಷೇಪಣೆಗೆ ಜೈಪುರದ ಕಾಲಿನ ಇತಿಹಾಸವೇ ಬಲವಾದ ಆಧಾರ. ೧೯೬೮ರಲ್ಲಿ ಜೈಪುರದ ಸವಾಯಿ ಮಾನಸಿಂಗ್ ಆಸ್ಪತ್ರೆಯಲ್ಲಿ ಆ ಪಾದ ರೂಪುಗೊಂಡಾಗ ಅದಕ್ಕೆ ಇಬ್ಬರು ಕಾರಣರು: ಶಸ್ತ್ರವೈದ್ಯ ಡಾ. ಪಿ. ಕೆ. ಸೇಥಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮ. ‘ಮಾಸ್ಟರ್‌ಜಿ’ ಎಂದೇ ಹೆಸರಾದ ಶರ್ಮರು ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದವರೆಂದು ಹೇಳುತ್ತಾರೆ. ಅಂದಿನ ವಿಲಾಯಿತಿ ಪಾದಗಳು ಬೂಟಿನೊಳಗೆ ಇರಲೆಂದು ಮಾಡಿದವು. ಚಕ್ಕಳಮಕ್ಕಳ ಹಾಕಿ ಕೂರಲು, ಕುಕ್ಕರುಗಾಲಿನಲ್ಲಿ ಕೂರಲು, ಬರಿಗಾಲಿನಲ್ಲಿ ಗದ್ದೆಯ ಕೆಸರಿಗಿಳಿಯಲು ಬಾರದವು. ರಬ್ಬರು ಮರಗಳನ್ನು ಅಚ್ಚಿನಲ್ಲಿಟ್ಟು ಬೇಯಿಸಿ ಮಾಡಿದ ಜೈಪುರದ ಪಾದ ಇವೆಲ್ಲಕ್ಕೂ ಬಂದಿತು. ಟೈರಿಗೆ ಹೊಸ ರಬ್ಬರು ಹಾಕುವ ಅಂಗಡಿಯನ್ನು ನೋಡಿ ಮಾಸ್ಟರ್‌ಜಿಗೆ ಈ ಉಪಾಯ ಹೊಳೆಯಿತೆಂಬ ಕಥೆಯಿದೆ. ೧೯೭೫ರಲ್ಲಿ ಆರಂಭವಾದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿಯ ಮೂಲಕ ಅದು ಬಡವರಿಗೆ ಪುಕ್ಕಟೆಯಾಗಿ ತಲಪಿತು. ಡಾ. ಸೇಥಿಯವರಿಗೆ ೧೯೮೧ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಇಂದಿನ ಕಾಯಿದೆಯನ್ನು ಅಕ್ಷರಶಃ ಹಿಡಿದರೆ ಮಾಸ್ಟರ್‌ಜಿಯಂತಹ ಕೈ ಒಬ್ಬ ರೋಗಿಯ ಕಾಲನ್ನೂ ಮುಟ್ಟುವಂತಿಲ್ಲ.

ಆಕ್ಷೇಪಣೆ ತೂಕದ್ದೇ. ಆದರೆ ಅದನ್ನು ಪೂರ್ತಿ ಒಪ್ಪಲು ನನ್ನಿಂದಾಗದು. ಮಾಸ್ಟರ್‌ಜಿಯ ಕೈಯ ಪಕ್ಕದಲ್ಲಿ ಡಾ. ಸೇಥಿಯವರ ಕಣ್ಣಿತ್ತು, ಅವರು ಕೆಲಸಮಾಡಿದ್ದು ಆಸ್ಪತ್ರೆಯಲ್ಲಿ, ಮರಳಿ ಬಂದ ರೋಗಿಯ ಹುಣ್ಣನ್ನು ಇಬ್ಬರೂ ನೋಡುತ್ತಿದ್ದ ಸ್ಥಳದಲ್ಲಿ. ನಮ್ಮ ಮಾವನಿಗೆ ಕಾಲು ಮಾಡಿಕೊಟ್ಟ ಅಂಗಡಿಯಲ್ಲಿ ಕೈ ಇತ್ತು, ಕಣ್ಣಿರಲಿಲ್ಲ, ಮರಳಿ ಬಂದವನನ್ನು ನೋಡುವ ಮನಸ್ಸೂ ಇರಲಿಲ್ಲ. ಓದಿಲ್ಲದವರನ್ನು ಹೊರಗಿಡುವುದು ಸನ್ನದಿನ ಉದ್ದೇಶವಾಗಬಾರದು. ಯಾರಿಗೂ ಉತ್ತರ ಹೇಳಬೇಕಾಗಿಲ್ಲದವರನ್ನು ಹೊರಗಿಡುವುದು ಉದ್ದೇಶವಾಗಬೇಕು. ಪರಿಷತ್ತೇ ಒಮ್ಮೆ ಈ ಭೇದವನ್ನು ಅರಿತು ನಡೆದಿದೆ. ಕಾಯಿದೆ ಬರುವುದಕ್ಕೆ ಮುಂಚಿನಿಂದ ಪದವಿಯಿಲ್ಲದೆ ಈ ಕ್ಷೇತ್ರಗಳಲ್ಲಿ ದುಡಿಯುತ್ತಿದ್ದವರನ್ನು ಬೀದಿಗೆ ಹಾಕದೆ, ಅವರಿಗಾಗಿ ಸೇತುವೆಯಂತಹ ಅಲ್ಪಾವಧಿಯ ತರಬೇತಿಯನ್ನು ಏರ್ಪಡಿಸಿ ಪಟ್ಟಿಗೆ ಸೇರಿಸಿಕೊಂಡಿತು. ಗಾಂಧಿಬಜಾರಿನ ಹಿರಿಯರಿಗೆ ಬೇಕಾದದ್ದು ಅಂತಹ ಕೆಲವು ದಿನಗಳ ಪಾಠ, ಮೆತ್ತನೆಯ ರಬ್ಬರಿನ ಹಾಳೆ, ಮತ್ತು ತಮ್ಮ ಪೆಟ್ಟಿಗೆಯ ಮೇಲೆ ಹಾಕಿಕೊಳ್ಳಬಹುದಾದ ಒಂದು ಸಂಖ್ಯೆ. ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಅಂಗಾಲಿಗೆ ಸಂಬಂಧಿಸಿದ ಕಸಬನ್ನು ನಮ್ಮ ಸಮಾಜ ಜಾತಿಯ ಕೊನೆಯ ಮೆಟ್ಟಿಲಿಗೆ ತಳ್ಳಿ, ಅದು ವಿದ್ಯೆಯೆಂಬುದನ್ನೇ ಮರೆತಿತು. ಕಿವಿಯ ಅಚ್ಚು ಮಾಡುವವರು ಪಟ್ಟಿಯಲ್ಲಿದ್ದು ಪಾದದ ಅಚ್ಚು ಮಾಡುವವರು ಇಲ್ಲದಿರುವುದಕ್ಕೆ ಈ ಮರೆವೂ ಒಂದು ಕಾರಣವಿರಬಹುದೆಂದು ನನಗೆ ತೋರುತ್ತದೆ.

ನಮ್ಮೆರಡು ಊರುಗಳವರಿಗೆ ಇಂದು ಇರುವ ದಾರಿಗಳನ್ನು ಹೇಳಿಬಿಡುತ್ತೇನೆ. ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆಯಿದೆ. ಮೂಳೆಯ ವೈದ್ಯರ ಚೀಟಿ ಅಲ್ಲಿಂದ ಆರಂಭ. ದಾವಣಗೆರೆಯಲ್ಲಿ ಕೇಂದ್ರ ಸರ್ಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರವಿದೆ. ೧೯೮೧ರಿಂದ ನಡೆದುಬಂದಿರುವ ಕೇಂದ್ರದ ಸಾಧನ ಸಲಕರಣೆಗಳ ಯೋಜನೆಯಲ್ಲಿ ಆದಾಯದ ಮಿತಿಯೊಳಗಿರುವವರಿಗೆ ಕಾಲು, ಕ್ಯಾಲಿಪರುಗಳು ಪುಕ್ಕಟೆ ಅಥವಾ ಕಡಮೆ ದರದಲ್ಲಿ ಸಿಕ್ಕುತ್ತವೆ. ಇ.ಎಸ್.ಐ. ವಿಮೆಯಿರುವ ಕಾರ್ಮಿಕರಿಗೆ ಆ ನಿಧಿಯಿಂದಲೇ ಕೃತಕಾಂಗ ಸಿಕ್ಕುತ್ತದೆ. ಭದ್ರಾವತಿಯ ಕಾರ್ಮಿಕ ಮಿತ್ರರು ಇದನ್ನು ನೆನಪಿಡಬೇಕು. ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಅರ್ಜಿ ಬರೆಯಲು ನೆರವಾಗುತ್ತಾರೆ. ಶಿಬಿರಗಳಲ್ಲಿ ಅಳತೆ ಕೊಡುವವರು ಒಂದು ಪ್ರಶ್ನೆಯನ್ನು ತಪ್ಪದೆ ಕೇಳಬೇಕು: ‘ಹುಣ್ಣಾದರೆ ಎಲ್ಲಿಗೆ, ಯಾರ ಬಳಿಗೆ ಬರಬೇಕು?’ ಅಂಗಡಿಯಲ್ಲಿ ಮಾಡಿಸುವವರು ಮಾಡುವವರ ನೋಂದಣಿ ಸಂಖ್ಯೆಯನ್ನು ಕೇಳಬೇಕು. ಪರಿಷತ್ತಿನ ಅಂತರಜಾಲ ತಾಣದಲ್ಲಿ ಆ ಪಟ್ಟಿಯನ್ನು ಹುಡುಕಿ ನೋಡಬಹುದು; ನಮ್ಮ ಕೈಯಲ್ಲಿರುವ ಫೋನುಗಳಿಂದ ಎರಡು ನಿಮಿಷದ ಕೆಲಸ. ದುರ್ಗಿಗುಡಿಯ ಔಷಧದ ಅಂಗಡಿಗಳಲ್ಲಿ ದೊರೆಯುವ ಸಿದ್ಧ ಮಂಡಿಪಟ್ಟಿ, ಸೊಂಟದ ಬೆಲ್ಟುಗಳಿಗೆ ಈ ಮಾತು ಅನ್ವಯಿಸುವುದಿಲ್ಲ. ಅಳತೆ ತೆಗೆದು ಮೈಗೆ ಹೊಂದಿಸಿ ಮಾಡುವುದಕ್ಕೆ ಮಾತ್ರ.

ಪಾದರಕ್ಷೆಯವರ ವಿಷಯಕ್ಕೆ ಸಂಸತ್ತು ಹೊಸ ಕಾಯಿದೆಯನ್ನು ಮಾಡಬೇಕಾಗಿಯೂ ಇಲ್ಲ. ೧೯೯೨ರ ಕಾಯಿದೆಯ ಎರಡನೆಯ ಕಲಮಿನಲ್ಲಿ ಯಾರು ಯಾರು ಪುನರ್ವಸತಿ ವೃತ್ತಿಯವರೆಂದು ಏಳು ಗುಂಪುಗಳನ್ನು ಹೇಳಿ, ಕೊನೆಯಲ್ಲಿ ಪರಿಷತ್ತಿನೊಡನೆ ಸಮಾಲೋಚಿಸಿ ಕೇಂದ್ರ ಸರ್ಕಾರವು ಆಗಾಗ ಗೊತ್ತುಪಡಿಸುವ ಬೇರೆ ವರ್ಗದವರೂ ಸೇರುತ್ತಾರೆಂದು ಬರೆದಿದೆ. ಒಂದು ಅಧಿಸೂಚನೆ ಸಾಕು. ಆ ಮೊದಲಿನ ಏಳು ಗುಂಪುಗಳಲ್ಲಿ ಪ್ರಾಸ್ಥೆಟಿಸ್ಟರ ಹೆಸರೂ ಇರಲಿಲ್ಲ. ಅವರೂ ಆಮೇಲೆ ಇದೇ ಬಾಗಿಲಿನಿಂದ ಒಳಗೆ ಬಂದವರು.